ಮೂರು ರೆಕ್ಕೆ, ನಾಲ್ಕು ರೆಕ್ಕೆ

ಫೆಬ್ರವರಿ 2, ಭಾನುವಾರ

ದೋಣಿಯ ಫ್ಯಾನಿನ ಒಂದು ರೆಕ್ಕೆ ಮಡಚಿಕೊಂಡಿದೆ. ಇನ್ನೊಂದರ ತುದಿ ಹಾರಿಹೋಗಿದೆ. ಮೂರನೆಯದಕ್ಕೆ ಏನೂ ಆಗಿಲ್ಲ; ನಾನು ಹೆಚ್ಚು ಹೊತ್ತು ನೋಡಿದ್ದು ಅದನ್ನೇ. ಪ್ರೊಪೆಲ್ಲರ್ ಎಂಬ ಮಾತು ಈ ಊರಲ್ಲಿ ನಡೆಯುವುದಿಲ್ಲ. ನೀರಿನಲ್ಲಿ ತಿರುಗಿದರೂ ಫ್ಯಾನು ಫ್ಯಾನೇ.

ಮೊದಲ ಓಟಕ್ಕೆ ನನ್ನ ಹೆಂಡತಿ ವಾಣಿಶ್ರೀ ಒಬ್ಬಳೇ ಹೋಗಿದ್ದಳು. ನಾನು ಕೆರೆ ಏರಿಯ ಮೇಲಿದ್ದೆ. ನಾನು ದೋಣಿ ಹತ್ತುವುದಿಲ್ಲ. ಈಜು ಬರುವುದಿಲ್ಲ ಎಂಬುದು ಕಾರಣವಲ್ಲ, ಲೈಫ್ ಜಾಕೆಟ್ ಇದೆ. ಯಾರಾದರೊಬ್ಬರು ದಡದಲ್ಲಿ ನಿಂತು ಇಂಜಿನ್ನನ್ನು ಕೇಳಿಸಿಕೊಳ್ಳಬೇಕು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ಬೀದಿಯಲ್ಲಿ ಬೆಳೆದವನಿಗೆ ಯಂತ್ರ ತಪ್ಪಿದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಇವತ್ತೂ ಹಾಗೆಯೇ ತಿಳಿಯಿತು. ಒಂದು ಸಣ್ಣ ಸದ್ದು, ಪಾತ್ರೆಗೆ ಸೌಟು ತಾಗಿದಷ್ಟು. ಆಮೇಲೆ ಇಂಜಿನ್ ಮೇಲಕ್ಕೆ ಎಗರಿದ್ದು, ದೋಣಿ ವಾಲಿದ್ದು, ಅವಳು ಮಂಡಿಯೂರಿ ಬಿದ್ದದ್ದು ಕಂಡಿತು. ಎದ್ದು ನಿಂತು ಕೈ ಬೀಸಿದಳು.

ನಾನು ಕೈ ಬೀಸಲಿಲ್ಲ. ಇಂಜಿನ್ನಿನ ಸುತ್ತು ಎಷ್ಟಿತ್ತು ಎಂದು ಕೂಗಿ ಕೇಳಿದೆ.

ಮಾರ್ಚ್ ಮೊದಲ ವಾರದಲ್ಲಿ ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ. ಆರು ಜನರನ್ನು ಕೂರಿಸಿಕೊಂಡು ಪೂರ್ತಿ ವೇಗದಲ್ಲಿ ಓಡಿಸಿ ತೋರಿಸಬೇಕು. ಅವರು ಒಪ್ಪಿದರೆ ಮಾತ್ರ ಕೆರೆಯಲ್ಲಿ ವಿಹಾರದ ದೋಣಿಗೆ ಪರವಾನಗಿ.

ಬೇರು ತಾಗಿರಬೇಕು ಎಂದು ಮಾವ ಅಂದರು. ನೀಲಗಿರಿ ಬೇರು.

ಫೆಬ್ರವರಿ 5

ಬೆಂಗಳೂರಿಗೆ ಹೋಗಿ ಬಂದೆ. ಅಂಗಡಿಯವನು ಮುರಿದ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ, ಕೆರೆ ಯಾವುದು ಎಂದು ಕೇಳಿದ. ಜಡಿಗೇನಹಳ್ಳಿ ಕಡೆ ಎಂದೆ. ಕೆರೆಯಲ್ಲಿ ಇಷ್ಟು ಗಟ್ಟಿಯಾಗಿ ತಾಗುವಂಥದ್ದು ಏನಿದೆ ಅಂದ. ಬೇರು ಅಂದೆ. ಅವನು ನಕ್ಕ.

ಪಿಚ್ ಎಂದರೆ ಫ್ಯಾನು ಒಂದು ಸುತ್ತು ತಿರುಗಿದರೆ ದೋಣಿ ಎಷ್ಟು ಇಂಚು ಮುಂದಕ್ಕೆ ಹೋಗಬೇಕು ಎಂಬ ಲೆಕ್ಕ. ಅಷ್ಟು ಹೋಗುವುದಿಲ್ಲ, ನೀರು ಜಾರುತ್ತದೆ. ಹೋಗಬೇಕಿತ್ತು ಎಂಬ ಲೆಕ್ಕ ಅಷ್ಟೇ. ಹೆಚ್ಚು ಪಿಚ್ಚಿಗೆ ವೇಗ, ಕಡಿಮೆ ಪಿಚ್ಚಿಗೆ ಎಳೆಯುವ ಬಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವನು ಕೇಳಿದ.

"ಸ್ಟೀಲ್ ಹಾಕಿದ್ರೆ ತಾಗಿದಾಗ ಫ್ಯಾನ್ ಉಳಿಯುತ್ತೆ, ಒಳಗಡೆ ಗೇರ್ ಹೋಗುತ್ತೆ. ಅಲ್ಯೂಮಿನಿಯಂ ಹಾಕಿದ್ರೆ ಫ್ಯಾನ್ ಹೋಗುತ್ತೆ, ಗೇರ್ ಉಳಿಯುತ್ತೆ. ಯಾವ್ದು ಹೋಗ್ಬೇಕು ಸಾರ್, ನೀವೇ ಹೇಳಿ."

ಎರಡನ್ನೂ ಕೊಟ್ಟು ಕಳಿಸಿದ, ಹಾಕಿ ನೋಡಿ ಬೇಡದ್ದನ್ನು ತನ್ನಿ ಎಂದು. ಒಂದು ಸ್ಟೀಲಿನದು, ಮೂರು ರೆಕ್ಕೆ, ಹದಿನೈದು ಪಿಚ್. ಇನ್ನೊಂದು ಅಲ್ಯೂಮಿನಿಯಂ, ನಾಲ್ಕು ರೆಕ್ಕೆ, ಹನ್ನೊಂದು. ಬಸ್ಸಿನಲ್ಲಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿದ್ದವರು ಯಾವ ದೇವಸ್ಥಾನಕ್ಕೆ ಎಂದು ಕೇಳಿದರು.

ಫೆಬ್ರವರಿ 9, ಭಾನುವಾರ

ವಾಣಿಶ್ರೀ ಸ್ಟೀಲಿನದನ್ನೇ ಹಾಕಿಸಿದಳು. ದೋಣಿ ನೀರಿನ ಮೇಲೆ ಎದ್ದು ಕೂತಿತು. ಅವಳು ಹುಟ್ಟಿದ ಊರಿನ ಕೆರೆ. ಕಾಲೇಜು ಮುಗಿಯುವವರೆಗೂ ಇದರಲ್ಲೇ ಈಜಿದವಳು. ಆಮೇಲೆ ಮದುವೆ, ನನ್ನ ಕಾರ್ಖಾನೆ, ದೊಡ್ಡಬಳ್ಳಾಪುರ. ಕೆರೆ ಒಣಗಿದ್ದೂ ಆಗಲೇ. ಕಾರ್ಖಾನೆ ಮುಚ್ಚಿ ನಾವು ಅವಳ ತಂದೆಯ ಮನೆಗೆ ಬಂದ ವರ್ಷ, ನಗರದಲ್ಲಿ ಶುದ್ಧಮಾಡಿದ ನೀರು ಪೈಪಿನಲ್ಲಿ ಬಂದು ಕೆರೆ ತುಂಬಿತು. ನಾನು ಇದನ್ನು ಒಣಗಿದ್ದಾಗ ಸರಿಯಾಗಿ ನೋಡಿದವನಲ್ಲ. ಹಬ್ಬಕ್ಕೆ ಬಂದ ಅಳಿಯ ಹಿತ್ತಲು ದಾಟುವುದಿಲ್ಲ.

ಏರಿಯ ಮೇಲೆ ಮುನಿಲಕ್ಷ್ಮಮ್ಮ ಮೇಕೆ ಬಿಟ್ಟುಕೊಂಡು ನಿಂತಿದ್ದರು. ನಮ್ಮ ಮನೆಯಿಂದ ಮೂರನೆಯ ಮನೆಯವರು.

"ಅಳಿಯಂದ್ರೆ, ಆ ಕಡೆ ಬಿಡ್ಬೇಡಿ ಅನ್ನಿ ಅವ್ಳಿಗೆ. ಹೋದ್ ವಾರ ತಾಗಿದ್ದು ಅಲ್ಲೇ ಅಲ್ವಾ?"

"ಬೇರು ಇದೆಯಂತೆ."

"ಯಾವನಂದಿದ್ದು ಬೇರು? ಅದು ಆವಲಪ್ಪನ್ ಬೋರು ಕಣ್ರಪ್ಪ. ಕೇಸಿಂಗ್ ಪೈಪು ಹಂಗೇ ನಿಂತೈತೆ, ಮೊಳದುದ್ದ. ಕಿತ್ಕೊಂಡೋದ್ನಾ ಅವನು? ಮೋಟ್ರು ಕಿತ್ಕೊಂಡೋದ, ಪೈಪು ಬಿಟ್ಟೋದ."

ಅಂದರೆ ಕೆರೆ ಒಣಗಿದ್ದ ವರ್ಷಗಳಲ್ಲಿ ಅದರ ಅಂಗಳದೊಳಗೆ ಬೋರು ಕೊರೆಸಿ ಬೆಳೆ ತೆಗೆದಿದ್ದಾರೆ. ಸೇವಂತಿಗೆ, ಕೊತ್ತಂಬರಿ, ಟೊಮೆಟೊ. ನೀರು ಬಂದಾಗ ಎಲ್ಲ ಮುಳುಗಿದವು, ಕಬ್ಬಿಣದ ಪೈಪುಗಳೂ ಸೇರಿ. ನಿಮ್ಮದೂ ಇತ್ತೇ ಎಂದು ಮುನಿಲಕ್ಷ್ಮಮ್ಮನನ್ನು ಕೇಳಿದೆ.

"ನಮ್ದೆಲ್ಲೈತೆ? ನಾವು ಕೆರೆ ಕಡೆ ತಲೆ ಹಾಕಿ ಮಲಗ್ದೋರಲ್ಲ," ಅಂದು ಮೇಕೆಯನ್ನು ಬೈಯಲು ಹೋದರು.

ಫೆಬ್ರವರಿ 12

ಕೆರೆ ಒತ್ತುವರಿ ಮಾಡಿದವರ ಹೆಸರು ತಾಲ್ಲೂಕಿನಲ್ಲಿ ಬರೆದುಕೊಳ್ಳುತ್ತಿದ್ದಾರಂತೆ, ಹೆಸರು ಬಂದವರು ಕೋರ್ಟು ಅಲೆಯಬೇಕಂತೆ. ಹೀಗಾಗಿ ಯಾರೂ ತಮ್ಮ ಪೈಪು ಎಲ್ಲಿದೆ ಎನ್ನುವುದಿಲ್ಲ. ಪಕ್ಕದವರದು ಎಲ್ಲಿದೆ ಎಂದರೆ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಆವಲಪ್ಪ ನನ್ನನ್ನು ಏರಿಯ ಮೇಲೆ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲನ್ನು ತೋರುಬೆರಳಿಗೆ ಸುತ್ತಿಕೊಂಡು ಗುರಿ ಹಿಡಿದ. "ತೂಬಿಂದ ನೆಟ್ಟಗೆ ಬನ್ನಿ ಅಳಿಯಂದ್ರೆ. ಆ ಹುಣಸೆಮರಕ್ಕೆ ಅಡ್ಡ. ಅಲ್ಲೈತೆ ನೋಡಿ ಮುನಿಲಕ್ಷ್ಮಮ್ಮಂದು. ಒಂದಲ್ಲ, ಎರಡು. ಮೊದಲ್ನೇದು ಫೇಲಾಯ್ತು, ಆಯಮ್ಮ ಬಿಡ್ತಾಳಾ?"

"ನಿಮ್ಮದು?"

"ನಮ್ಮಪ್ಪನಾಣೆ, ಏನೂ ಇಲ್ಲ."

ವಾಣಿಶ್ರೀ ಹುಟ್ಟು ಹಾಕಿಕೊಂಡು ಹೋಗುತ್ತಾಳೆ. ನೀರಿಗಿಳಿದು ಕಾಲಿನಲ್ಲಿ ತಡಕುತ್ತಾಳೆ. ಸಿಕ್ಕಿದರೆ ಪೈಪಿಗೆ ಹಗ್ಗ ಬಿಗಿದು ಎಣ್ಣೆಯ ಖಾಲಿ ಕ್ಯಾನ್ ಕಟ್ಟಿ ತೇಲಿಬಿಡುತ್ತಾಳೆ. ಎಲ್ಲ ಹಳದಿ ಕ್ಯಾನ್‌ಗಳು, ಯಾವುದರ ಮೇಲೂ ಹೆಸರಿಲ್ಲ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಅವಳು ಮುಳುಗಿದಾಗ ಮೇಲೆ ಬರುವವರೆಗೆ ನಾನು ಎಣಿಸುತ್ತಿದ್ದೇನೆ ಎಂಬುದು ಇವತ್ತು ಗಮನಕ್ಕೆ ಬಂತು. ಅಭ್ಯಾಸ.

ಫೆಬ್ರವರಿ 16

ಊರವರು ಒಬ್ಬರ ಮೇಲೊಬ್ಬರು ಹೇಳಿದ್ದೆಲ್ಲ ಸಿಕ್ಕಿದೆ. ಪಶ್ಚಿಮಕ್ಕೆ, ದಡದ ದೊಡ್ಡ ಬಂಡೆಯ ಮುಂದೆ, ಅಗಲವಾದ ಒಂದು ಕಡೆ ಮಾತ್ರ ಕ್ಯಾನೇ ಇಲ್ಲ. ಅಲ್ಲಿ ಯಾರೂ ಬೆಳೆದಿರಲಿಲ್ಲವೇ ಎಂದು ಕೇಳಿದೆ.

ಆವಲಪ್ಪ ಕೆಮ್ಮಿದ. ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು.

"ನೀವು ಅಳಿಯಂದ್ರು. ನಿಮ್ಮ ಮುಂದೆ ನಾವು ಹೇಳ್ಬಾರದು," ಅಂದರು.

ಅಷ್ಟರಿಂದಲೇ ತಿಳಿಯಿತು. ಅಳಿಯನ ಎದುರು ಅವನ ಮಾವನ ತಪ್ಪು ಎತ್ತುವುದು ಇಲ್ಲಿ ಮರ್ಯಾದೆಯಲ್ಲ. ಬೇರೆ ಯಾರ ಪೈಪಾದರೂ ಆಗಿದ್ದರೆ ಇಷ್ಟರಲ್ಲಿ ನಾಲ್ಕು ಜನ ನಾಲ್ಕು ಕಡೆಯಿಂದ ಗುರಿ ಹಿಡಿಯುತ್ತಿದ್ದರು.

ಮಾವ ಅಪ್ಪಯ್ಯಣ್ಣನವರು ಈ ಕೆರೆಗೆ ನೀರು ತಂದವರು ಎಂದು ಊರು ಹೇಳುತ್ತದೆ. ಅರ್ಜಿ ಹಿಡಿದು ಓಡಾಡಿದವರು, ಎಲ್ಲರನ್ನೂ ಕೂರಿಸಿ ಅಂಗಳದ ಉಳುಮೆ ಬಿಡಿಸಿದವರು. ನನ್ನದು ಒಂದು ಗೇಣೂ ಒಳಗಿಲ್ಲ, ನೀವೂ ಬಿಡಿ ಎಂದು ಸಭೆಯಲ್ಲಿ ಹೇಳಿದ್ದರಂತೆ. ಅದು ಸುಳ್ಳೆಂದು ಕೇಳಿದವರಿಗೆಲ್ಲ ಗೊತ್ತಿತ್ತು. ಆದರೂ ಬಿಟ್ಟರು.

ಫೆಬ್ರವರಿ 17

ಊಟಕ್ಕೆ ಕೂತಾಗ ಕೇಳಿದೆ. ನೇರವಾಗಿ ಅಲ್ಲ. ಬಂಡೆಯ ಕಡೆ ನೀರು ಆಳವೋ ಎಂದೆ.

ಮಾವ ಮುದ್ದೆ ಮುರಿಯುತ್ತಿದ್ದರು. "ಯಾಕೆ?"

"ದೋಣಿ ಓಡಿಸೋಕೆ."

"ಅಲ್ಲೇನಿಲ್ಲ," ಅಂದರು. ಮುದ್ದೆ ಪೂರ್ತಿ ತಿನ್ನದೆ ಎದ್ದರು.

ಫೆಬ್ರವರಿ 18

ನೀನೇ ಕೇಳು ಎಂದು ವಾಣಿಶ್ರೀಗೆ ಹೇಳಿದೆ. ಮಗಳು ಕೇಳಿದರೆ ಹೇಳುತ್ತಾರೆ.

"ಕೇಳಲ್ಲ."

"ಯಾಕೆ?"

"ಕೇಳಿದ್ರೆ ಅಪ್ಪ ನಂಗೆ ಸುಳ್ಳು ಹೇಳ್ಬೇಕಾಗುತ್ತೆ ಕಣ್ರೀ. ಇದುವರೆಗೂ ಹೇಳಿಲ್ಲ. ಕೆಳಗಿನ ಹೊಲದ್ದು ಅಂತ ಹೂವು ಕಳಿಸ್ತಿದ್ರು ನಮ್ಮನೆಗೆ, ಯಾವ ಕೆಳಗಿನ ಹೊಲ ಅಂತ ನಾನು ಕೇಳಿಲ್ಲ. ಈಗ ಕೇಳ್ತೀನಾ?"

"ಪೈಪು ತಾಗಿದರೆ?"

"ತಾಗಿದ್ರೆ ಅವರ ಕಣ್ಣೆದುರೇ ತಾಗ್ಲಿ."

ಇದು ತರ್ಕವಲ್ಲ. ಆದರೆ ತಪ್ಪು ಎಲ್ಲಿದೆ ಎಂದು ತೋರಿಸಲು ನನಗೆ ಆಗಲಿಲ್ಲ.

ಫೆಬ್ರವರಿ 21

ಕೆರೆಗೆ ನೀರು ಬರುವುದು ನಿಂತಿದೆ, ಪಂಪು ದುರಸ್ತಿಯಂತೆ. ದಡದಲ್ಲಿ ಕೆಸರಿನ ಪಟ್ಟಿ ಅಗಲವಾಗುತ್ತಿದೆ. ನೀರು ಇಳಿದಷ್ಟೂ ಪೈಪಿನ ಬಾಯಿ ಫ್ಯಾನಿನ ಮಟ್ಟಕ್ಕೆ ಬರುತ್ತದೆ. ಇನ್ನೂ ಇಳಿದರೆ ತಾನಾಗಿ ಕಾಣುತ್ತದೆ, ಆದರೆ ಅಧಿಕಾರಿ ಬರುವುದು ಅದಕ್ಕೂ ಮೊದಲು. ಮಾರ್ಚ್ ಮೂರು ಎಂದು ಇವತ್ತು ಫೋನ್ ಬಂತು.

ಬಂಡೆಯ ಮುಂದೆ ಪೈಪಿಗೆ ಸಿಕ್ಕೀತೆಂದು ಹಗ್ಗ ಎಳೆದು ನೋಡಿದೆವು. ತಳದ ಕಳೆಯಲ್ಲಿ ಸಿಕ್ಕಿ ಹರಿಯಿತು. ವಾಣಿಶ್ರೀ ಮುಳುಗಿ ಹುಡುಕಿದಳು. ಅಷ್ಟು ಅಗಲದಲ್ಲಿ ಒಂದು ಪೈಪು. ತುಂಬ ಹೊತ್ತು ಮೇಲೆ ಬರಲಿಲ್ಲ. ಬಂದಮೇಲೆ ಸಾಕು ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ಗೊತ್ತಿರಲಿಲ್ಲ. ಮೇಕೆಗಳು ತಿರುಗಿ ನೋಡಿದವು.

ಮಾವ ಏರಿಯ ಆ ತುದಿಯಲ್ಲಿ ಕೂತಿದ್ದರು. ಬೀಡಿ ಹಚ್ಚಿರಲಿಲ್ಲ, ಬಾಯಲ್ಲಿ ಇತ್ತು.

ಫೆಬ್ರವರಿ 23, ಭಾನುವಾರ

ಅವಳು ಏಳುವ ಮೊದಲು ಹೋಗಿ ಸ್ಟೀಲಿನದನ್ನು ಬಿಚ್ಚಿ ನಾಲ್ಕು ರೆಕ್ಕೆಯದನ್ನು ಹಾಕಿದೆ. ನಾಲ್ಕು ರೆಕ್ಕೆಯದಕ್ಕೆ ವೇಗ ಬರುವುದಿಲ್ಲ, ತಾಗಿದರೆ ಮುರಿಯುವುದು ಅದೇ. ಕೇಳಿದರೆ ಆರು ಜನರ ಭಾರಕ್ಕೆ ಕಡಿಮೆ ಪಿಚ್ಚೇ ಸರಿ ಎಂದು ಹೇಳುವುದು. ಅದು ಸುಳ್ಳೂ ಅಲ್ಲ.

ಒಬ್ಬರೇ ಇದ್ದಾಗ ಈ ಫ್ಯಾನಿಗೆ ಇಂಜಿನ್ ಅಳತೆ ಮೀರಿ ಸುತ್ತುತ್ತದೆ. ವೇಗ ಬರುವುದಿಲ್ಲ, ಕೂಗು ಬರುತ್ತದೆ. ಏರಿಯ ಮೇಲೆ ನಿಂತು ಆ ಕೂಗು ಕೇಳಿದಾಗಲೇ ಅವಳಿಗೂ ಕೇಳಿರುತ್ತದೆ ಎಂದುಕೊಂಡೆ. ದಡಕ್ಕೆ ಬಂದು ಇಂಜಿನ್ ಮೇಲೆತ್ತಿ ನೋಡಿದಳು.

"ಇದು ನಾಲ್ಕು ರೆಕ್ಕೆದು."

"ಭಾರಕ್ಕೆ ಇದೇ ಸರಿ."

"ಇವತ್ತು ಯಾವ ಭಾರ ಇತ್ತು? ನಾನೊಬ್ಳೇ ಇದ್ದೆ."

ನಾನು ಸುತ್ತು, ಪಿಚ್, ಜಾರು ಎಂದು ಏನೋ ಹೇಳಿದೆ. ಅವಳು ಪೂರ್ತಿ ಕೇಳಿದಳು. ಅದೇ ಕಷ್ಟ ಅವಳದು, ಪೂರ್ತಿ ಕೇಳುತ್ತಾಳೆ.

"ನನ್ನ ನಿಧಾನ ಮಾಡೋಕೆ ಹಾಕಿದ್ದೀರ. ನಂಗೆ ಭಯ ಆಗುತ್ತೆ ಕಣೇ, ಮೆಲ್ಲಗೆ ಹೋಗು ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು. ನಮ್ಮಪ್ಪ ಬಾಯಿ ಬಿಡಲ್ಲ. ನೀವು ಕದ್ದು ಫ್ಯಾನ್ ಬಿಚ್ತೀರ. ಇಬ್ರೂ ಒಂದೇ."

ಹೋಲಿಕೆ ನನಗೆ ಹಿಡಿಸಲಿಲ್ಲ. ಅವರು ಮುಚ್ಚಿಡುತ್ತಿರುವುದು ತಮ್ಮ ಹೆಸರಿಗಾಗಿ. ನಾನು ಮಾಡಿದ್ದು

ಫೆಬ್ರವರಿ 24

ಮಾತಿಲ್ಲ.

ಫೆಬ್ರವರಿ 27

ಮಾತಿಲ್ಲ ಎಂಬುದು ಪೂರ್ತಿ ನಿಜವಲ್ಲ. ಉಪ್ಪು ಕೇಳಿದಳು.

ಮಾವ ಎರಡು ದಿನದಿಂದ ಸಂಜೆ ಏರಿಗೆ ಹೋಗುತ್ತಿಲ್ಲ. ಜಗಲಿಯ ಮೇಲೆ ಕೂತು ದಾರಿ ನೋಡುತ್ತಾರೆ. ಒಮ್ಮೆ ನನ್ನನ್ನು ಕರೆದರು.

"ಅಳಿಯಂದ್ರೆ, ಆ ಜಾಕೆಟ್ಟು ಹಾಕ್ಕೊಂಡೋರು ಮುಳುಗಲ್ವಂತೆ, ನಿಜವಾ?"

"ಮುಳುಗಲ್ಲ ಮಾವ. ಆದರೆ ವೇಗದಲ್ಲಿ ತಾಗಿದರೆ ಎಗರಿ ಬೀಳ್ತಾರೆ. ಫ್ಯಾನ್ ಹಿಂದೆ ಇರುತ್ತೆ. ತಿರುಗ್ತಾನೇ ಇರುತ್ತೆ."

ಅವರು ನನ್ನ ಮುಖ ನೋಡಲಿಲ್ಲ. ನಾನು ಅವರ ಕೈ ನೋಡುತ್ತಿದ್ದೆ. ಅಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳಿದೆ.

ಮಾರ್ಚ್ 2, ಭಾನುವಾರ

ಸಂಜೆ ಎರಡು ಫ್ಯಾನುಗಳನ್ನೂ ದಡದಲ್ಲಿ ಗೋಣಿಚೀಲದ ಮೇಲೆ ಇಟ್ಟೆ. ಯಾವುದು ಎಂದು ಕೇಳಿದೆ.

"ನೀವೇ ಹಾಕಿ," ಅಂದಳು. "ಯಾಕೆ ಅಂತ ಹೇಳಿ ಹಾಕಿ."

ನಾಲ್ಕು ರೆಕ್ಕೆಯದನ್ನು ಎತ್ತಿಕೊಂಡೆ. ಕಾರಣ ಹೇಳಿದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ವಾಣಿ ಪಾನಾ ಹಿಡಿದುಕೊಂಡು ಕೊನೆಯವರೆಗೂ ಪಕ್ಕದಲ್ಲಿ ಕೂತಿದ್ದಳು. ನಟ್ಟು ಬಿಗಿಯುವಾಗ ನನ್ನ ಕೈ ಜಾರಿತು, ನಕ್ಕಳು.

ನಾಳೆ ಕ್ಯಾನ್‌ಗಳ ನಡುವಿನ ದಾರಿಯಲ್ಲೇ ಹೋಗಿ ಬರುವುದು ಎಂದು ಮಾತಾಯಿತು. ಆ ಮಾತಿನ ಮೇಲೆಯೇ ಆವಲಪ್ಪ, ಮುನಿಲಕ್ಷ್ಮಮ್ಮ ಕೂರಲು ಒಪ್ಪಿದ್ದಾರೆ. ಉಳಿದವರಿಗೆಲ್ಲ ಹೊಸಕೋಟೆಯಲ್ಲಿ ಕೆಲಸವಂತೆ. ಜನ ಸಾಲದೆ ನಾನೂ ಹತ್ತಬೇಕು.

ಮಾರ್ಚ್ 3

ಅಧಿಕಾರಿಯ ಹೆಸರು ನರಸಿಂಹಯ್ಯ. ಒಳ್ಳೆಯ ಮನುಷ್ಯ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹತ್ತಿದರು. ಇಂಜಿನ್ ಹತ್ತಿರ ವಾಣಿ, ನಡುವೆ ನಾನು ಮತ್ತು ನರಸಿಂಹಯ್ಯ, ಮುಂದೆ ಆವಲಪ್ಪ, ಮುನಿಲಕ್ಷ್ಮಮ್ಮ. ಆರನೆಯವರ ಜಾಗಕ್ಕೆ ಮಣ್ಣು ತುಂಬಿದ ಮೂಟೆ ಇಟ್ಟಿದ್ದೆ. ಮೂಟೆ ನಡೆಯಲ್ಲ, ಮನುಷ್ಯರೇ ಬೇಕು ಎಂದರು ಅವರು.

ಆಗ ಮಾವ ಏರಿ ಇಳಿದು ಬಂದರು. ಒಗೆದ ಪಂಚೆ, ತೋಳಿನ ಬನಿಯನ್ನು. ಯಾರೂ ಕರೆದಿರಲಿಲ್ಲ. ಮೂಟೆಯನ್ನು ಕಾಲಿನಿಂದ ದಡಕ್ಕೆ ತಳ್ಳಿ ಎಲ್ಲರಿಗಿಂತ ಮುಂದೆ, ದೋಣಿಯ ಮೂತಿಯಲ್ಲಿ ಕೂತರು. ಜಾಕೆಟ್ಟು ಕೊಟ್ಟೆ. ಹಾಕಿಕೊಳ್ಳಲಿಲ್ಲ, ಮಡಿಲಲ್ಲಿ ಇಟ್ಟುಕೊಂಡರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಕ್ಯಾನ್‌ಗಳ ನಡುವೆ ಮೆಲ್ಲಗೆ ಹೋದೆವು. ನರಸಿಂಹಯ್ಯ ಸುತ್ತ ನೋಡಿದರು.

"ಇದೇನಮ್ಮ, ಹಿಂಗೆ ತೆವಳಿದ್ರೆ ಪೂರ್ತಿ ಸ್ಪೀಡು ಹೆಂಗೆ ನೋಡೋದು? ಈ ಡಬ್ಬಗಳ ಸಹವಾಸ ಬೇಡ. ಅಗೋ, ಬಂಡೆ ಮುಂದೆ ಅಷ್ಟು ಖಾಲಿ ಐತಲ್ಲ. ಅಲ್ಲಿ ಬಿಡಿ."

ಅಲ್ಲೇನಿದೆ ಎಂದು ದೋಣಿಯಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಅಲ್ಲಿ ಜೊಂಡು ಸಾರ್," ಅಂದ ಆವಲಪ್ಪ.

"ಎಲ್ಲೈತಪ್ಪ ಜೊಂಡು? ಕನ್ನಡಿ ಇದ್ದಂಗೈತೆ."

ನಾನು ತಿರುಗಿ ವಾಣಿಯನ್ನು ನೋಡಿದೆ. ಬೇಡ ಎಂದೆ, ಎಲ್ಲರಿಗೂ ಕೇಳುವಂತೆ. ಅವಳು ನನ್ನನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ತಂದೆಯ ಬೆನ್ನನ್ನು. ದೋಣಿಯನ್ನು ಪಶ್ಚಿಮಕ್ಕೆ ತಿರುಗಿಸಿ ವೇಗ ಕೊಟ್ಟಳು. ಆರು ಜನರ ಭಾರ ಹೊತ್ತು ಮೂತಿ ಎದ್ದಿತು, ಇಳಿಯಿತು, ಓಡತೊಡಗಿತು. ಮುನಿಲಕ್ಷ್ಮಮ್ಮ ಊರದೇವತೆ ಸಪ್ಪಲಮ್ಮನನ್ನು ಕರೆಯುತ್ತಿದ್ದರು. ಆವಲಪ್ಪ ಸೀಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬಂಡೆ ದೊಡ್ಡದಾಗುತ್ತಿತ್ತು. ಮಾವನ ಕತ್ತು ಹುಣಸೆಮರದ ಕಡೆಗೆ ಹೊರಳಿತು, ತೂಬಿನ ಕಡೆಗೆ ಹೊರಳಿತು, ಮತ್ತೆ ಮರದ ಕಡೆಗೆ.

ಕೈ ಮೇಲೆ ಹೋಯಿತು.

"ನಿಲ್ಸವ್ವಾ!"

ವಾಣಿ ಇಂಜಿನ್ ಆರಿಸಿದಳು. ಹಿಂದಿನಿಂದ ಬಂದ ಅಲೆ ನಮ್ಮನ್ನು ಎತ್ತಿ ಇಳಿಸಿತು. ಮಾವ ಆ ಅಲೆಯ ಮೇಲೆಯೇ ಎಡಕ್ಕೆ ಕೈ ತೋರಿಸಿದರು. ಅವಳು ಹುಟ್ಟು ಹಾಕಿದಳು. ಇನ್ನೊಂಚೂರು. ಇನ್ನೊಂಚೂರು. ಆಮೇಲೆ ಅವರು ಪಕ್ಕಕ್ಕೆ ಬಗ್ಗಿ ಬಲಗೈಯನ್ನು ನೀರಿಗೆ ಇಳಿಸಿದರು, ಮೊಣಕೈವರೆಗೆ, ಬನಿಯನ್ನಿನ ತೋಳು ನೆನೆಯುವವರೆಗೆ. ನೆಲದಲ್ಲಿ ಇಟ್ಟು ಮರೆತದ್ದನ್ನು ಹುಡುಕುವವರ ಹಾಗೆ ಕಣ್ಣು ಬೇರೆಲ್ಲೋ ಇತ್ತು. ಕೈ ನಿಂತಿತು.

"ಏನೈತೆ ಯಜಮಾನ್ರೆ ಅಲ್ಲಿ?" ನರಸಿಂಹಯ್ಯ ಕೇಳಿದರು.

"ಬೋರು."

"ಯಾರ್ದು?"

ಆವಲಪ್ಪ ಆಕಾಶ ನೋಡಿದ.

"ನಮ್ದು," ಅಂದರು ಮಾವ. ಅಧಿಕಾರಿಗೆ ಹೇಳಲಿಲ್ಲ. ಮಗಳ ಕಡೆಗೆ ಕತ್ತು ತಿರುಗಿಸಿ ಹೇಳಿದರು. "ನಂದು ಕಣವ್ವ. ಹೂವು ಇಲ್ಲೇ ಬೆಳೀತಿದ್ದಿದ್ದು."

ಹುಟ್ಟು ವಾಣಿಯ ಕೈಯಲ್ಲಿ ನೀರು ಸುರಿಸುತ್ತಿತ್ತು.

ನರಸಿಂಹಯ್ಯ ಜೇಬಿನಿಂದ ಪೆನ್ನು ತೆಗೆದರು, ಕೈಯಲ್ಲಿದ್ದ ಬೂಟು ನೋಡಿದರು, ಎಲ್ಲಿಡುವುದು ಎಂದು ತೋಚದೆ ಕೂತರು. "ಎಷ್ಟು ವರ್ಷ ಮಾಡಿದ್ರಿ?"

"ಆಯಪ್ಪನ್ನೊಬ್ಬನ್ನೇ ಏನ್ ಕೇಳ್ತೀರ ಸ್ವಾಮಿ?" ಮುನಿಲಕ್ಷ್ಮಮ್ಮ ಬಾಯಿ ಬಿಟ್ಟರು. "ಮರದ ಹತ್ರ ಎರಡು ತೇಲ್ತಾವಲ್ಲ, ಅವು ನಂದು. ಬರ್ಕೊಳ್ಳಿ."

"ಸುಮ್ನಿರೋಕಾಗಲ್ವಾ ನಿಂಗೆ?" ಆವಲಪ್ಪ ಹಲ್ಲು ಕಡಿದ. ಸ್ವಲ್ಪ ಹೊತ್ತು ತನ್ನ ಮಂಡಿಗಳನ್ನು ನೋಡುತ್ತಿದ್ದ. "ತೂಬಿನ ಹತ್ರ ಇರೋದು ನಂದು ಸಾರ್," ಅಂದ.

ಪರವಾನಗಿಯ ಮಾತು ಯಾರೂ ಎತ್ತಲಿಲ್ಲ. ಬಂಡೆಯ ಕಡೆಯಿಂದ ಗಾಳಿ ಬಂತು. ಇಂಜಿನ್ ನಿಂತ ದೋಣಿ ಗಾಳಿಗೆ ಹೊರಳತೊಡಗಿತು. ಮಾವ ಪೈಪಿನ ಬಾಯಿ ಬಿಟ್ಟಿರಲಿಲ್ಲ. ಅವರ ಭುಜ ಎಳೆಯುತ್ತಿರುವುದು ಕಂಡು ಎದ್ದು ಹೋಗಿ ಪಕ್ಕದಲ್ಲಿ ಕೂತು ಸೊಂಟ ಹಿಡಿದುಕೊಂಡೆ.

"ಬಿಡಿ ಮಾವ."

"ಇರ್ಲಿ ಬಿಡ್ರೀ," ಅಂದಳು ವಾಣಿ ಹಿಂದಿನಿಂದ.

ಮಾವ ಬಿಡಲಿಲ್ಲ. ಅವರ ಕೈ ಇದ್ದಲ್ಲೇ ಇತ್ತು. ಆ ಪೈಪನ್ನು ನಡುವೆ ಇಟ್ಟುಕೊಂಡು ನಾವು ಆರೂ ಜನ ಮೆಲ್ಲಗೆ ಸುತ್ತು ತಿರುಗಿದೆವು. ಬಂಡೆ ಹೋಯಿತು, ಏರಿ ಬಂತು, ಹುಣಸೆಮರ ಬಂತು.